ಎಡದಿಂದ ಮೂರನೆಯ ಗೋಪುರ

ಬೆಳಗಿನ ಆರೂ ಹತ್ತರ ರೈಲಿಗೆ
ಸುಯಿಹುವಾದಿಂದ ಹೊರಟೆವು, ನಾನು ಮತ್ತು ಅತ್ತೆ.
ಕಿಟಕಿಯ ಒಳಮೈಗೂ ಮಂಜು ಗಟ್ಟಿತ್ತು.
ಅತ್ತೆ ಉಗುರಿನಿಂದ ಕೆರೆದು
ನಾಣ್ಯದಷ್ಟು ತೂತು ಮಾಡಿ ಇಣುಕಿ
ಕತ್ತಲೆ ಇನ್ನೂ ಅಲ್ಲೇ ಇದೆಯೆಂದು ಖಾತ್ರಿಯಾದ ಮೇಲೆ
ಕಣ್ಣು ಮುಚ್ಚಿದಳು.

ಐಸ್ ನೋಡಲು ದುಡ್ಡು ಕೊಡಬೇಕೆ?
ನಮ್ಮ ಹಿತ್ತಲ ನಲ್ಲಿಗೆ ಬರಲಿ, ಪುಕ್ಕಟೆ ತೋರಿಸುತ್ತೇನೆ.
ಹಾರ್ಬಿನ್ ಬರುವ ತನಕ ಇದೇ ರಾಗ.
ಟಿಕೆಟ್ಟಿನ ಕಿಟಕಿಗೆ ಗುರುತಿನ ಚೀಟಿ ಬಡಿದು
ಎಪ್ಪತ್ತೊಂದು ತುಂಬಿದೆ, ಕಾಣಿಸದೆ? ಎಂದು ಹುಡುಗಿಯನ್ನು ಗದರಿ
ಅರ್ಧ ಬೆಲೆಗೆ ಒಳಬಂದಳು, ವ್ಯಾಜ್ಯ ಗೆದ್ದವಳಂತೆ.
ನನ್ನದು ಪೂರ್ತಿ ಬೆಲೆ:
ಶಿಯೂನ ಒಂದು ದಿನದ ಕೂಲಿ, ಮೇಲೆ ಚಿಲ್ಲರೆ.

ಶಿಯೂ ಬರಲಿಲ್ಲ.
ಡಿಸೆಂಬರಿನಲ್ಲಿ ಹದಿನೆಂಟು ದಿನ
ಸೊಂಗ್‌ಹುವಾ ನದಿಯ ಮೇಲೆ ನಿಂತು
ಆ ನದಿಯನ್ನೇ ಗರಗಸದಿಂದ ಕೊಯ್ದವನು.
ಕೊಯ್ದು, ಕೊಕ್ಕೆ ಹಾಕಿ, ಎಳೆದು, ಲಾರಿಗೆ ಏರಿಸಿ,
ಎಡಗೈಯ ಎರಡು ಬೆರಳು ಬಿಳಿಚಿಕೊಂಡ ಮೇಲೆ
ಮನೆಗೆ ಬಂದ.
ಮಲಗಿದ್ದಾಗ ನಾನು ನೋಡಿದ್ದೇನೆ, ಅಂದ,
ಎದ್ದು ನಿಂತದ್ದನ್ನು ನೀವು ನೋಡಿ ಬನ್ನಿ.
ಎಡದಿಂದ ಮೂರನೆಯ ಗೋಪುರವಂತೆ, ಲಾರಿಯವನು ಹೇಳಿದ.
ಒಂದು ಗಡ್ಡೆಯೊಳಗೆ ಜೊಂಡಿನ ಎಸಳು ಸಿಕ್ಕಿಕೊಂಡಿದೆ, ಗೇಣುದ್ದ.
ಅದು ನಾನು ಕೊಯ್ದದ್ದು.

ಯಾವ ಬಾಗಿಲಿನಿಂದ ಎಡ?
ಅದನ್ನು ಹೇಳಿರಲಿಲ್ಲ.

ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ಉಸಿರು ಮಫ್ಲರಿನ ಮೇಲೆ ಬಿಳಿ ಮೀಸೆಯಾಗಿ ಕೂತಿತು.
ಎರಡನೆಯ ಚಿತ್ರಕ್ಕೇ ಫೋನ್ ಸತ್ತಿತು; ಉಳಿದದ್ದು
ಅತ್ತೆಯ ಮೂಗು, ಯಾರದೋ ಬಲೂನು.
ಬಯಲಲ್ಲೇ ರಟ್ಟಿನ ಪೆಟ್ಟಿಗೆಯಿಟ್ಟು ಐಸ್‌ಕ್ಯಾಂಡಿ ಮಾರುತ್ತಿದ್ದರು.
ದಕ್ಷಿಣದ ಊರಿನವರು ಹೊಸ ಕೋಟುಗಳಲ್ಲಿ
ಕಿರುಚುತ್ತ ಜಾರುತ್ತಿದ್ದರು.
ನಾವು ಮಾತ್ರ ಗೋಡೆಗೆ ಮುಖ ಹಚ್ಚಿ
ಒಂದೊಂದೇ ಗಡ್ಡೆ, ಒಂದೊಂದೇ ಗಡ್ಡೆ,
ಕಳೆದ ಸೂಜಿ ಹುಡುಕುವವರ ಹಾಗೆ.
ಗುಳ್ಳೆಗಳು ಸಿಕ್ಕವು, ಸರ ಪೋಣಿಸಿದಂತೆ.
ಬಿರುಕು ಸಿಕ್ಕಿತು. ಒಂದು ಕಡೆ ಸಿಗರೇಟಿನ ತುಂಡು.
ಕಾವಲುಗಾರ ಎರಡು ಸಲ ಬಂದು ಏನು ಬೇಕು ಎಂದು ಕೇಳಿದ.
ಅತ್ತೆ ಅಂದಳು: ಮಗನದು ಒಂದು ಕಲ್ಲು ಇದೆ ಇಲ್ಲಿ.

ನಾಲ್ಕಕ್ಕೇ ಸೂರ್ಯ ಅಂಗಡಿ ಮುಚ್ಚಿದ.
ಒಳಗಿನ ದೀಪಗಳು ಹತ್ತಿಕೊಂಡವು, ಕೆಂಪು, ಹಸಿರು, ನೇರಳೆ.
ಜನ ಓಹೋ ಎಂದರು.
ಆ ಬಣ್ಣದ ಗದ್ದಲದಲ್ಲಿ ಜೊಂಡಿನ ಎಸಳೇನು,
ಮುಳುಗಿದ ದೋಣಿಯಿದ್ದರೂ ಕಾಣುತ್ತಿರಲಿಲ್ಲ.
ಅತ್ತೆ ಕೈಗವಸು ಬಿಚ್ಚಿದಳು. ಬೇಡ ಅಂದೆ.
ಗಡ್ಡೆಯೂ ಗಡ್ಡೆಯೂ ಕೂಡುವ ಸಂದಿನ ಗುಂಟ
ಬೆರಳು ಎಳೆದಳು, ಮೇಲಿನಿಂದ ಕೆಳಗೆ,
ಬಟ್ಟೆಯ ಹೊಲಿಗೆ ಪರೀಕ್ಷಿಸುವಂತೆ.
ಕೂದಲೂ ತೂರುವುದಿಲ್ಲವಲ್ಲೇ, ಅಂದಳು.
ಮನೆಯಲ್ಲಿ ಎಲೆಕೋಸು ನೆಟ್ಟಗೆ ಹೆಚ್ಚಲು ಬಾರದವನು.

ಗೇಟಿನ ಹತ್ತಿರ ಕಪ್ಪಗೆ ಕಲ್ಲಾದ ಪೇರ್ ಹಣ್ಣು
ನಾಲ್ಕು ಕೊಂಡೆವು.

ರಾತ್ರಿ ಶಿಯೂ ಬಾಗಿಲು ತೆರೆದು
ಬೂಟು ಬಿಚ್ಚುವ ಮೊದಲೇ ಕೇಳಿದ, ಸಿಕ್ಕಿತೆ?
ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ:
ಸಿಗದೆ ಏನು! ಎದೆಮಟ್ಟದಲ್ಲೇ ಇತ್ತು.
ಒಣಗಿತ್ತೋ?
ಹಸಿರಾಗಿತ್ತು, ಅಂದಳು, ರೆಪ್ಪೆ ಅಲುಗಿಸದೆ.
ಅವನು ಏನೂ ಅನ್ನಲಿಲ್ಲ.
ಡಿಸೆಂಬರಿನ ಜೊಂಡು ಹಸಿರಿರುವುದಿಲ್ಲ,
ಅದು ಅವನಿಗೂ ಗೊತ್ತು, ನನಗೂ, ಹೆತ್ತವಳಿಗೂ.

ಬೋಗುಣಿಯ ತಣ್ಣೀರಿನಲ್ಲಿ ಪೇರ್ ಹಣ್ಣು ನೆನೆಹಾಕಿದೆ.
ಸ್ವಲ್ಪ ಹೊತ್ತಿಗೆ ಒಳಗಿನ ಥಂಡಿಯೆಲ್ಲ ಹೊರಬಂದು
ಪ್ರತಿ ಹಣ್ಣಿಗೂ ತೆಳುವಾದ ಗಾಜಿನ ಚಿಪ್ಪು ಕಟ್ಟಿತು.
ಶಿಯೂ ಒಳ್ಳೆಯ ಕೈಯಿಂದ ಒಂದನ್ನು ಎತ್ತಿ
ಮೇಜಿನ ಅಂಚಿಗೆ ತಟ್ಟಿದ.
ಒಡೆದ ಚಿಪ್ಪಿನ ಚೂರೊಂದನ್ನು ದೀಪಕ್ಕೆ ಹಿಡಿದು
ನೋಡುತ್ತ ಕೂತ,
ಅದು ಕರಗಿ ಮೊಣಕೈಯವರೆಗೆ ಇಳಿಯುವ ತನಕ.
ತಿನ್ನು, ಅಂದಳು ಅತ್ತೆ. ರಸ ಸೋರುತ್ತಿದೆ.