ಎರಡು ಮಾತ್ರೆ ಖಾಲಿ

ಆ್ಯಸಿಡ್ ಜಾಝ್ ಅಂದ್ರ ಬ್ಯಾಟ್ರಿಗೆ ಹಾಕೂ ಆ್ಯಸಿಡ್ಡೇನ್ರಿ,
ಅಂತ ಕೇಳಿದವರ ಲೆಕ್ಕ ಇಟ್ಟಿಲ್ಲ ನಾನು.
ಹೌದ್ರಿ ಅಂದುಬಿಡತೇನಿ ಈಗೀಗ.
ಚಾರ್ಜ್ ಇಳದ ಗಾಡಿ ನೂಕಿ ಚಾಲೂ ಮಾಡೂ ಸಂಗೀತ.

ಬ್ಯಾಂಡಿನ ಹೆಸರು ಎರಡನೇ ಗೇಟ್.
ಟಿಳಕವಾಡಿಯ ರೈಲ್ವೆ ಗೇಟ್ ಬಿದ್ದಾಗ
ಸ್ಕೂಟರ್ ಬಂದ್ ಮಾಡಿ ನಿಂತ ಮೂವರು
ಗೂಡ್ಸ್ ಡಬ್ಬಿ ಎಣಿಸಿಕೋತ ಕಟ್ಟಿದ್ದು, ಇಪ್ಪತ್ತೆರಡು ವರ್ಷದ ಹಿಂದ.
ನಂದು ಬೇಸ್ ಗಿಟಾರ್.
ಪರಶು ಢವಳಿದು ಡ್ರಮ್, ವಡಗಾವ್‌ದಾಗ ಅವರಪ್ಪಂದು ಎಂಟು ಮಗ್ಗ;
ಅಮಾಸಿಗೆ ಮಗ್ಗ ಬಂದ್, ಅವತ್ತ ಅಲ್ಲೇ ನಮ್ಮ ಪ್ರ್ಯಾಕ್ಟೀಸು.
ಪಲ್ಟಣದ ಬ್ಯಾಂಡಿನಿಂದ ರಿಟಾಯರ್ ಆದ ಸಾವಂತ ಮಾಮಾಂದು ತುತ್ತೂರಿ.
ನಾವು ಮೂವರು ಬದಲಾಗಲಿಲ್ಲ.
ಬದಲಾಗಿದ್ದರೂ ಯಾರಿಗೆ ಗೊತ್ತಾಗತಿತ್ತು?

ಮೊದಲಾಕಿ ಐರಿನ್ ಫುರ್ಟಾಡೊ, ಕ್ಯಾಂಪಿನಾಕಿ.
ನೂಲಿನ ಧೂಳಿಗೆ ಸೀನಿಕೋತ ಹಾಡತಿದ್ದಳು.
ಕಣ್ಣ ಮುಚ್ಚತಿದ್ದಿಲ್ಲ, ಗ್ವಾಡಿ ಮ್ಯಾಲಿನ ಸ್ವಿಚ್‌ಬೋರ್ಡನ್ನ ನೋಡತಿದ್ದಳು,
ಸಾಲ ಒಯ್ದ ನೆಂಟನ್ನ ನೋಡಿದಂಗ.
ಒಂದು ಅಮಾಸಿ ಚಪ್ಪಲಿ ಮೆಟ್ಟಿ ಬಾಗಲದಾಗ ನಿಂತು
ನನಗ ಸಾಕಾತು ಅಂದಳು.
ಯಾಕ ಅಂತ ನಾವು ಕೇಳಲಿಲ್ಲ. ಕೇಳಬೇಕಾಗಿತ್ತು.

ಆಮ್ಯಾಲ ಮೆಹಜಬೀನ್ ಬಾಗವಾನ. ರಾತ್ರಿ ಪಾಳಿಯ ನರ್ಸ್.
ದನಿ ಬಾವಿ ತಳದ್ದು.
ಎಲ್ಲಾ ಹಾಡು ನಾಕು ಮನಿ ಕೆಳಗ ಇಳಿಸಿದಿವಿ,
ನನ್ನ ಬೆರಳು ಹೊಸ ಓಣಿಗೆ ಬಂದ ಬಾಡಗಿಯವರಂಗ ತಡವರಿಸಿದವು.

ಅಕಿ ಹಿಂದ ಆದಿನಾಥ ಚೌಗುಲೆ, ಬ್ಯಾಂಕಿನಂವ.
‘ಅಂವ ಹೋದ ಹಾದ್ಯಾಗ’ ಅನ್ನೂದು
‘ಅಕಿ ಹೋದ ಹಾದ್ಯಾಗ’ ಆತು.
ಮೂರು ಅಕ್ಷರದ ಜಾಗಾದಾಗ ಎರಡು. ಪರಶುಗ ಸಿಟ್ಟು.
ಎಂಟು ತಿಂಗಳಿಗೆ ಅಥಣಿಗೆ ವರ್ಗಾ ಆತು.

ನಿಪ್ಪಾಣಿ ಕಾಲೇಜಿನ ಗ್ಯಾದರಿಂಗಿಗೆ ಒಂದೇ ರಾತ್ರಿ ಹಾಡಿದಾಕಿ
ಲೀಲಾ ಅಂತಾನ ಪರಶು. ನೀಲಾ ಅಂತೇನಿ ನಾನು.
ಐದನೂರು ರೂಪಾಯಿ ಎಣಿಸಿಕೊಂಡು ಕೊನೇ ಬಸ್ ಹತ್ತಿದಳು.

ಮೈಕಿನ ಸ್ಟ್ಯಾಂಡಿಗೆ ಒಬ್ಬೊಬ್ಬರ ಎತ್ತರಕ್ಕ ಒಂದೊಂದು ಟೇಪಿನ ಪಟ್ಟಿ.
ಕೆಂಪು, ಹಸರು, ಕರಿ.
ಲೀಲಾಗೋ ನೀಲಾಗೋ ಪಟ್ಟಿ ಹಚ್ಚಿಲ್ಲ.

ಈಗ ತೇಜಲ್ ಬಿರ್ಜೆ, ಅನಗೋಳದ ಹುಡುಗಿ, ಹತ್ತೊಂಬತ್ತು.
ಕನ್ನಡದ ಹಾಡು ಮರಾಠಿ ಅಕ್ಷರದಾಗ ಬರಕೋತಾಳ;
‘ಳ’ ಮಾತ್ರ ನಮಗಿಂತ ಚಂದ ಅಂತಾಳ.

ಹೋದ ಅಮಾಸಿ ಐರಿನ್ ಬಂದಳು. ಸುಮ್ಮನ, ಕೇಳಾಕ.
ನೂಲಿನ ಗಂಟಿನ ಮ್ಯಾಲ ಕುಂತಳು.
ತೇಜಲ್ ಅದೇ ಹಳೇ ಹಾಡು ಎತ್ತಿದಳು:
ಅಂವ ಹೋದ ಹಾದ್ಯಾಗ
(ಎರಡು ಮಾತ್ರೆ ಖಾಲಿ)
ಬಿದ್ದಾವ.

ಅಲ್ಲ್ಯಾಕ ನಿಲ್ಲತಿ? ಕೇಳಿದಳು ಐರಿನ್.
ನೀವ ನಿಂತೀರಲ್ಲ ಆಂಟಿ, ಕ್ಯಾಸೆಟ್ಟಿನ್ಯಾಗ.
ನಾ ನಿಂತಿಲ್ಲವಾ! ಲೈಟ್ ಹೋಗಿತ್ತು!

ಖರೇ. ಸೆಲ್ ಹಾಕಿದ ಟೇಪ್ ರೆಕಾರ್ಡರ್ ಒಂದೇ ಉಳದಿತ್ತು ಅವತ್ತ;
ಮೈಕು, ನನ್ನ ಬೇಸು, ಗ್ವಾಡಿ ಆಚೆ ಬೀಸೂ ಗಿರಣಿ ಎಲ್ಲಾ ಗಪ್.
ಪರಶು ಒಬ್ಬ ಬಡದಾ ಕತ್ತಲದಾಗ, ಒಂದು, ಎರಡು,
ಲೈಟ್ ಬಂತು.

ಆ ಕತ್ತಲಾನ ಎಲ್ಲಾರೂ ಬಾಯಿಪಾಠ ಮಾಡಿದ್ದರು.
ಮೆಹಜಬೀನ್ ಅದರಾಗ ಬಳಿ ಹಿಂದ ಸರಿಸತಿದ್ದಳು.
ಆದಿನಾಥ ಚಸ್ಮಾ ಏರಸತಿದ್ದ.
ಗೊತ್ತಿಲ್ಲದ ಆ ನಿಪ್ಪಾಣಿಯಾಕಿ ನಿಲ್ಲದ ಹಾಡಿ
ನಮ್ಮ ಮ್ಯಾಲೇ ಬಂದು ಬಿದ್ದಿದ್ದಳು.
ಎಷ್ಟು ಬೈದಿದ್ದಿವಿ ಅಕಿನ್ನ.

ಹಂಗಾರ ಅಲ್ಲೆ ಏನಿತ್ತು? ತೇಜಲ್ ಪೆನ್ನು ಹಿಡದಳು.

ಐರಿನ್ ಬಾಯಿ ತಗದಳು.
ಸ್ವಿಚ್‌ಬೋರ್ಡ್ ನೋಡಿದಳು.
ಕಲ್ಲೋ, ಕೂದಲೋ, ಕಿತ್ತಳಿ ಸಿಪ್ಪಿನೋ,
ಏನೋ ಬಿದ್ದಿದ್ದವು ಆ ಹಾದ್ಯಾಗ.
ನಾನೇ ಬರದ ಹಾಡು ಅದು. ನನ್ನ ಕೇಳಬ್ಯಾಡ್ರಿ.

ಸಾವಂತ ಮಾಮಾ ತುತ್ತೂರಿಯ ಉಗುಳು ಜಾಡಿಸಿದರು.
ಇನ್ನೊಮ್ಮೆ, ಅಂದರು. ಮೊದಲಿನಿಂದ.