ಹತ್ತು ಸಾವಿರ

ಬೈತ್‌ಕೋಲ್ ಬಂದರದ ಡೀಸೆಲ್ ಟೋಕನ್ ಕಿಟಕಿಯೊಳಗೆ
ಸುಲಕ್ಷಾ ತಾಂಡೇಲ ದೋಣಿಯ ನಂಬರು ಒತ್ತುತ್ತಾಳೆ.
ಅರ್ಧಕ್ಕೆ ಬಂದಿರುತ್ತದೆ, ಫಾರ್ಮು ಒಮ್ಮೆ ಕಣ್ಣು ಮಿಟುಕಿಸಿ
ಅವಳನ್ನೆತ್ತಿ ಮೊದಲ ಸಾಲಿಗೆ ಒಗೆಯುತ್ತದೆ.
ಸಾಲು ಒಂದು: ‘ಸಾಗರಕನ್ಯೆ’,
ಎರಡು ವರ್ಷದ ಹಿಂದೆ ಮಾಜಾಳಿಯವರಿಗೆ ಮಾರಿಹೋದ ದೋಣಿ.

“ನಾನೇನೂ ಮುಟ್ಟಲಿಲ್ಲ” ಅನ್ನುತ್ತಾಳೆ.
ಎಲ್ಲರೂ ಅನ್ನುವುದು ಅದನ್ನೇ. ಇವಳದು ನಿಜ.

ಸ್ಟೂಲು ಎಳೆದು ಕೂತು ಮನಸ್ಸಲ್ಲೇ ಎಣಿಸಿದೆ.
ಎಂಟು, ಒಂಬತ್ತು, ಹತ್ತಕ್ಕೆ ಮಿಣಕ್.
ಮತ್ತೆ ಹತ್ತಕ್ಕೆ ಮಿಣಕ್.
ವೈರಸ್ಸಿಗೆ ಇಷ್ಟು ಶಿಸ್ತಿರುವುದಿಲ್ಲ.

ಡಿಸೈನ್ ತೆರೆದೆ. ಟೈಮರ್ ಇಂಟರ್ವಲ್: ಹತ್ತು ಸಾವಿರ.
ಸಾವಿರಕ್ಕೊಂದು ಸೆಕೆಂಡು, ಇಲ್ಲಿಯ ದರ.
ಬರೆದವನು ರೋಹಿದಾಸ ಬಾನಾವಳಿ, ಈಗ ಹಡಗಿನಲ್ಲಿ ಅಡುಗೆಗಿದ್ದಾನಂತೆ;
ಒಂದೇ ಟೈಮರಿನ ಹೆಗಲಿಗೆ ಎರಡು ಹೊರೆ ಕಟ್ಟಿದ್ದಾನೆ:
ಮೂಲೆಯ ಗಡಿಯಾರ ಸರಿಸುವುದು,
ಟೇಬಲ್ಲಿಗೆ ಹೋಗಿ ಹೊಸ ದೋಣಿ ಬಂತೋ ಎಂದು ಕೇಳಿ ಬರುವುದು.
ಕೇಳಿ ಬಂದವನು ಬಾಗಿಲಲ್ಲೇ ನಿಂತುಬಿಡುತ್ತಾನೆ, ಮೊದಲ ಸಾಲಲ್ಲಿ.
ಎದ್ದು ಹೋದ ಜಾಗ ಅವನಿಗೆ ನೆನಪಿರುವುದಿಲ್ಲ.

ತಿದ್ದಲು ಹೋದರೆ ಕೋಡಿನೊಳಗೂ ಅದರದೇ ಕೈ:
ಒಂದು ಪದ ಬರೆದು, ಸ್ಪೇಸ್ ಒತ್ತಿ,
ಮುಂದಿನದನ್ನು ಯೋಚಿಸುವಷ್ಟರಲ್ಲಿ
ಸ್ಪೇಸ್ ಮಾಯ.
ಯೋಚಿಸಲು ಬಿಟ್ಟ ಜಾಗವನ್ನೇ ತಿನ್ನುವ ಇದಕ್ಕೆ
ಸೊನ್ನೆ ಹಾಕಿದೆ.

ಕಿಟಕಿಯಾಚೆ, ಕ್ಯಾನು ಹಿಡಿದವರ ಸಾಲಿನಿಂದ ಒಂದು ಗಂಟಲು:
“ಗಡಿಯಾರ ನಿಂತೇ ಹೋಯ್ತಲ್ಲ ಮಾರಾಯಾ!”

ಮಾನಿಟರನ್ನು ಅವಳು ವರ್ಷಗಳಿಂದ ಓರೆಯಾಗಿಯೇ ಇಟ್ಟಿದ್ದಾಳೆ,
ಅವರಿಗೂ ಕಾಣಲೆಂದು.
ಮೊಬೈಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೋಣಿಯಲ್ಲೇ ಬಿಟ್ಟು ಬಂದವರು,
ಇಳಿತಕ್ಕೆ ಮೊದಲು ಅಳಿವೆ ದಾಟಬೇಕಾದವರು,
ಹನ್ನೊಂದು ನಲವತ್ತೆರಡನ್ನು ನನ್ನ ಬೆನ್ನ ಮೇಲಿಂದ ನೋಡುತ್ತಿದ್ದರು.

ಒಂದು ಫಾರ್ಮಿಗೆ ಒಂದೇ ಟೈಮರು.
ಇನ್ನೊಂದು ಫಾರ್ಮು ಕಟ್ಟಿದೆ, ಖಾಲಿಯದು,
ಕಣ್ಣಿಗೆ ಬೀಳದೆ ತೆರೆದೇ ಇರುವಂಥದು. ಗಡಿಯಾರ ಅದರ ಪಾಲಿಗೆ.
ಟೇಬಲ್ಲಿಗೆ ಓಡುವವನಿಗೆ ಹೇಳಿಕೊಟ್ಟೆ:
ಅವಳ ಸಾಲಿನ ಅಂಚಿನಲ್ಲಿ ಪೆನ್ಸಿಲ್ ಗುರುತು ಇರುವ ತನಕ
ಏಳಬೇಡ. ಎದ್ದರೂ
ಸಾಲಿನ ನಂಬರನ್ನು ಗಂಟು ಕಟ್ಟಿಕೊಂಡು ಹೋಗು,
ವಾಪಸು ಅಲ್ಲಿಗೇ ಬಾ.

ಸುಲಕ್ಷಾ ಒತ್ತಿದಳು. ಎಂಟಾಯಿತೇನೋ,
ಬೆರಳುಗಳು ತಾವೇ ಮೇಲೆದ್ದು ಗಾಳಿಯಲ್ಲಿ ನಿಂತವು,
ಹತ್ತು ದಾಟಿ ಹೋಗಲೆಂದು.

ಏನೂ ಹಾರಲಿಲ್ಲ.
“ಹನ್ನೊಂದು” ಎಂದಳು ಸಣ್ಣಗೆ.
ಆಮೇಲೆ ಜೋರಾಗಿ, ಮುಂದಿನ ಕ್ಯಾನು ಯಾರದು.