ಶಬ್ದ: ಇಲ್ಲ

ಡಬ್ಬಿ ತೆರೆದರೆ ಹುಳಿಹೆಂಡದ ವಾಸನೆ.
ಐವತ್ತಾರರ ರೀಲು; ಹೆಸರನ್ನು ತುಕ್ಕು ತಿಂದಿದೆ.
ಉಳಿದದ್ದು ಹನ್ನೊಂದು ನಿಮಿಷ.
ಸಾಹೇಬರು ರಿಜಿಸ್ಟರಿನಲ್ಲಿ ಬರೆದಿದ್ದರು:
ಚಿತ್ರ, ಪರವಾಗಿಲ್ಲ. ಶಬ್ದ, ಇಲ್ಲ.
ನಾಯಕಿ ಇನ್ನೂ ಇದ್ದಾರೆ, ಮೊರಟುವೆಯಲ್ಲಿ,
ನಮ್ಮಜ್ಜಿ ಮನೆಯಿಂದ ಮೂರನೇ ಬಾಗಿಲು
ಎಂದ ಚಹಾ ತರುವ ಹುಡುಗ.

ಬಂದರು. ಬಸ್ಸಿನಲ್ಲಿ, ಕಪ್ಪು ಕೊಡೆ ಹಿಡಿದು,
ಪರ್ಸಿನೊಳಗೆ ಕಲಾವಿದರ ಪಿಂಚಣಿ ಚೀಟಿ,
ಗೇಟಿನವನು ಕೇಳಿದರೆ ಇರಲಿ ಎಂದು.

ತೆರೆಯ ಮೇಲೆ ಸಂಧ್ಯಾರೇಖಾ.
ದೊಡಂದೂವೆಯಲ್ಲಿ ಎಂಗಲ್ತಿನಾ:
ಹಿನ್ನೀರ ಕೆಸರಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆ
ಎತ್ತಿ, ಬಡಿದು, ನಾರು ಬಿಡಿಸುವವಳ ಮಗಳು.
ಹದಿನೈದಕ್ಕೆ ನಾಟಕದವರ ಲಾರಿ,
ಹದಿನೆಂಟಕ್ಕೆ ತಲೈಮನ್ನಾರಿನ ಹಡಗು.

ಆಗ ಸಿಂಹಳದ ಹಳ್ಳಿಗಳು ಮದ್ರಾಸಿನಲ್ಲಿದ್ದವು.
ರಟ್ಟಿನ ತೆಂಗು, ಬಣ್ಣ ಬಳಿದ ಕಡಲು,
ತಮಿಳಲ್ಲಿ ಅಳು ಎನ್ನುವ ನಿರ್ದೇಶಕ.
ಇವರಿಗೆ ತಮಿಳು ಬಾರದು, ಅಳು ಬರುತ್ತಿತ್ತು.
ಆ ಅಳುವಿನಲ್ಲೂ ತೆಂಕಣ ತೀರದ ರಾಗ.
ನಾಯಕಿ ಮೀನು ಮಾರುವವಳ ಹಾಗೆ ಅತ್ತರೆ ಹೇಗೆ
ಎಂದ ದುಡ್ಡು ಹಾಕಿದ ಮುದಲಾಳಿ.
ಕ್ಯಾಂಡಿಯಿಂದ ಒಬ್ಬ ಸ್ಕೂಲು ಟೀಚರನ್ನು ಕರೆಸಿ
ಕತ್ತಲ ಕೋಣೆಯಲ್ಲಿ ಮಾತು ತುಂಬಿಸಿದರು.
ಮುಂದೆ ಇಪ್ಪತ್ತೆರಡು ಚಿತ್ರ:
ಬಾಯಿ ಇವರದು, ಮಾತು ಟೀಚರದು.
ಮರದಾನೆಯ ಗ್ಯಾಲರಿಯಲ್ಲಿ ಶಿಳ್ಳೆ ಬಿದ್ದಾಗ
ಯಾವುದಕ್ಕೆ ಎಂದು ಇವರು ಕೇಳಲಿಲ್ಲ.
ಸೋಪಿನ ಹೊದಿಕೆಯ ಮೇಲೆ ಮುಖ ಬಂತು.
ಸೋಪು ಮಾತಾಡುವುದಿಲ್ಲ, ಒಳ್ಳೆಯದೇ ಆಯಿತು.

ಮೂವತ್ತಾರಕ್ಕೆ ತಾಯಿಯ ಪಾತ್ರ.
ಹೋದ ವರ್ಷ ಪ್ರೇಮಿಸಿದವನಿಗೆ
ಈ ವರ್ಷ ಹಾಲನ್ನದ ತುತ್ತು.

ಎಂಬತ್ಮೂರರ ಜುಲೈ. ವೆಳ್ಳವತ್ತೆಯ ರಸ್ತೆ.
ಹಿಂದಿನ ಸೀಟಲ್ಲಿ ಮೇಕಪ್ಪಿನ ಚೆಲ್ಲತ್ತುರೈ,
ಅವನ ಹಣೆಯ ವಿಭೂತಿ ಇವರ ಸೆರಗಿನಲ್ಲಿ.
ಅಡ್ಡಗಟ್ಟಿದವರು ಕಿಟಕಿಗೆ ಬಗ್ಗಿದರು.
ಮಗೇ ಅಯ್ಯಾ, ಎಂದರು. ನನ್ನ ಅಣ್ಣ.
ಮುಖ ಅವರದೇ ಕಣೋ, ಎಂದನೊಬ್ಬ,
ದನಿ ಅವರದಲ್ಲ.
ಆಗ ಇವರು ಟೀಚರ ಹಾಗೆ ಮಾತಾಡಿದರು.
ಎಷ್ಟು ಸಲ ಕೇಳಿದ್ದರೋ ಥಿಯೇಟರಿನ ಕತ್ತಲಲ್ಲಿ,
ಒಂದಕ್ಷರ ತಪ್ಪಲಿಲ್ಲ.
ಒಬ್ಬ ಪೆಟ್ರೋಲಿನ ಕ್ಯಾನು ನೆಲಕ್ಕಿಟ್ಟು
ಸಹಿ ಕೇಳಿದ. ಹಾಕಿದರು.

ಟೊರಾಂಟೋದಿಂದ ವರ್ಷಕ್ಕೊಂದು ಕಾರ್ಡು ಬರುತ್ತಿತ್ತಂತೆ,
ತಂಗಚ್ಚಿಗೆ ಎಂದು ಶುರುವಾಗಿ.
ಈಗ ಬರುವುದಿಲ್ಲ.
ಇದನ್ನೆಲ್ಲ ನಾನು ಫಿಲ್ಮು ಪೋಣಿಸುವಾಗ ಹೇಳಿದರು,
ಅಕ್ಕಿಯ ರೇಟು ಹೇಳಿದಂತೆ.

ದೀಪ ಆರಿಸಿದೆ.
ಗೀರು, ಗೀರು, ಒಂದು ಸುಟ್ಟ ಚುಕ್ಕೆ,
ಆಮೇಲೆ ಬಾಗಿಲಿಗೊರಗಿದ ಹುಡುಗಿ.
ತುಟಿ ಆಡುತ್ತದೆ. ಯಂತ್ರದ ಟಿಕಟಿಕ ಬಿಟ್ಟರೆ ಏನಿಲ್ಲ.

ಕುರ್ಚಿಯ ಕಡೆಯಿಂದ ಬಂತು:
ಹೋಗದಾದ್ರೆ ಹೋಗು,
ಬಾಗ್ಲಲ್ಲಿ ನಿಂತು ನೆಳ್ಳು ಹಾಕ್ಬ್ಯಾಡ.
ಕೆಮ್ಮು ಹತ್ತಿದ, ಉಪ್ಪು ಹತ್ತಿದ ದನಿ.
ಮೊದಲು ತುಟಿಗಿಂತ ಹಿಂದೆ ಬಿತ್ತು,
ಓಡಿ ಬಂದು ಹಿಡಿಯಿತು,
ಒಂದೆರಡು ಕಡೆ ಮುಂದೆಯೂ ಹೋಯಿತು.
ಅರವತ್ತಾರು ವರ್ಷದ ಮೇಲೆ ನೆನಪಿತ್ತೋ,
ತುಟಿ ನೋಡಿಯೇ ಓದಿದರೋ,
ನಾನು ತಿರುಗಿ ನೋಡಲಿಲ್ಲ.

ತೆರೆಯ ಹುಡುಗಿ ಬಾಯಿ ಮುಚ್ಚಿದಳು.
ಇವರು ನಿಲ್ಲಿಸಲಿಲ್ಲ:
ಅಮ್ಮೇ, ಸಿಪ್ಪೆ ಮ್ಯಾಲಕ್ಕೆ ತಕ್ಕೊಂಡ್ಯಾ,
ನೀರು ಏರ್ತೈತಿ.
ಇದು ಸ್ಕ್ರಿಪ್ಟಿನಲ್ಲಿ ಇದ್ದಿರಲಾರದು.

ಆಮೇಲೆ ಬಿಳಿ. ರೀಲಿನ ಬಾಲ ಪಟಪಟ ಬಡಿಯಿತು.
ಇಷ್ಟೇನಾ ಪುತಾ? ಎಂದರು.
ಇಷ್ಟೇ.
ಸಕ್ಕರೆಯಿಲ್ಲದ ಚಹಾ ಕುಡಿದರು, ಬೆಲ್ಲದ ಚೂರು ಕಚ್ಚಿಕೊಂಡು.

ರಿಜಿಸ್ಟರನ್ನು ನಾನು ತಿದ್ದಲಿಲ್ಲ.
ಪೆನ್ನು ತೆಗೆದಿದ್ದೆ, ನಿಜ.
ಏನೆಂದು ಬರೆಯುವುದು ಆ ಅರ್ಧ ಇಂಚಿನ ಜಾಗದಲ್ಲಿ.

ಬಸ್ಸು ಹತ್ತಿಸಲು ಹೋದೆ.
ಮೊರಟುವೆ, ಎಂದರು ಕಂಡಕ್ಟರಿಗೆ,
ಅದೇ ದನಿಯಲ್ಲಿ.
ಅವನು ತಲೆಯೆತ್ತದೆ ಟಿಕೆಟು ಹರಿದ:
ಚಿಲ್ಲರೆ ಇಲ್ವಾ ಆಚ್ಚೀ?